ಮೆಟ್ಟು ಕಿತ್ತ ಬೇಸ್ ಗಿಟಾರು

ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವುದು ನಾನು ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹಿಂದೆ ಯಾರಾದರೂ ಗಂಡಸು ನಿಂತಿದ್ದಾನೆಯೇ ಎಂದು ನೋಡುತ್ತಾರೆ. ನನಗಿದು ರೂಢಿಯಾಗಿ ಹೋಗಿದೆ. ಬೀದರ್ ಕಡೆಯ ನಮ್ಮ ಊರಿನ ಚರ್ಚಿನಲ್ಲಿ ಹಾಡಿನ ತಂಡಕ್ಕೆ ಬೇಸ್ ನುಡಿಸುವವರು ಯಾರೂ ಸಿಗದಿದ್ದಾಗ ನನ್ನ ಕೈಗೆ ಬಂದ ವಾದ್ಯ ಇದು. ಮದುವೆಯಾಗಿ ಹೈದರಾಬಾದಿನ ಕುಷಾಯಿಗೂಡಕ್ಕೆ ಬಂದ ಮೇಲೆ ಅದೇ ನನ್ನ ಕಸುಬಾಯಿತು. ಭಾನುವಾರ ಚರ್ಚು, ಮದುವೆ ಸೀಸನ್ನಿನಲ್ಲಿ ಫಂಕ್ಷನ್ ಹಾಲುಗಳು.

ಒಮ್ಮೆ ಇಲ್ಲಿಯ ಕನ್ನಡದವರ ಒಂದು ಕಾರ್ಯಕ್ರಮಕ್ಕೆ ನಮ್ಮ ತಂಡವನ್ನು ಕರೆದಿದ್ದರು. ನಡುವೆ ಒಬ್ಬ ಹಿರಿಯ ಗಾಯಕಿ ಒಂದು ತತ್ವಪದ ಹಾಡಿದರು. ಕಲಬುರಗಿ ಕಡೆಯವರು, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಈಗ ಕೂಕಟ್‌ಪಲ್ಲಿಯಲ್ಲಿ ಮಗಳ ಮನೆಯಲ್ಲಿದ್ದವರು. ದನಿ ದೊಡ್ಡದಲ್ಲ, ಸ್ವಲ್ಪ ಒಡೆದಂತೆಯೂ ಇತ್ತು. ನಾನು ಅದಕ್ಕೆ ಅಡ್ಡ ಬರಬಾರದೆಂದು ಕೆಳಗೆ ಒಂದೇ ಷಡ್ಜವನ್ನು ಮೆಲ್ಲಗೆ ಹಿಡಿದುಕೊಂಡು ನಿಂತಿದ್ದೆ. ಕಾರ್ಯಕ್ರಮ ಮುಗಿದು ವೈರು ಸುತ್ತುತ್ತಿದ್ದಾಗ ಅವರು ನೇರ ನನ್ನ ಹತ್ತಿರ ಬಂದರು.

"ಯವ್ವಾ, ಆ ತೆಳಗಿನ ದನಿ ನಿಂದೇನು?"

"ಹೌದ್ರಿ ಅಕ್ಕಾರ. ಜೋರಾತೇನ್ರಿ?"

"ಜೋರಲ್ಲ. ಹಾರ್ಮೋನಿಯಂ ನನ್ನ ದನಿ ಮ್ಯಾಲ ಬಂದು ಕುಂದರ್ತೈತಿ, ಉಸರ ಕಟ್ಟತೈತಿ. ನಿಂದು ತೆಳಗ ಹಾಸಿಗಿ ಹಾಸಿದಂಗ ಆತು. ಆದ್ರ ಒಂದು ಕುಂದೈತಿ. ನಾ ಒಂದು ಸ್ವರದಿಂದ ಇನ್ನೊಂದಕ್ಕ ಜಾರಿದ್ರ ನಿಂದು ಟಕ ಟಕ ಇಳಿತೈತಿ. ಜಾರಾಕ ಬರಂಗಿಲ್ಲೇನು?"

ಬರುತ್ತದೆ, ಆದರೆ ಅದಕ್ಕೆ ಬೇರೆ ಥರದ ಬೇಸ್ ಬೇಕು ಎಂದು ವಿವರಿಸಿದೆ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿರುತ್ತಾರಲ್ಲ, ಲೋಹದ ತೆಳ್ಳಗಿನ ಪಟ್ಟಿಗಳು, ಅವು ಮೆಟ್ಟುಗಳು. ಅವಿದ್ದರೆ ಬೆರಳು ಒಂದಿಷ್ಟು ಹಿಂದೆ ಮುಂದೆ ಬಿದ್ದರೂ ಸ್ವರ ತಪ್ಪುವುದಿಲ್ಲ. ಮೆಟ್ಟಿಲ್ಲದ ಬೇಸಿನಲ್ಲಿ ಪಿಟೀಲಿನ ಹಾಗೆ, ಬೆರಳು ಎಲ್ಲಿ ಬಿತ್ತೋ ಅಲ್ಲಿಯೇ ಸ್ವರ. ಅದು ನನಗೆ ಬರುವುದಿಲ್ಲ ಎಂದೂ ಹೇಳಿದೆ.

ಅವರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತು ತಮ್ಮ ವಿಷಯ ಹೇಳಿದರು. ಗಂಟಲಿನಲ್ಲಿ ಗಡ್ಡೆ. ಒಮ್ಮೆ ಆಪರೇಷನ್ ಆಗಿದೆ, ಮತ್ತೆ ಬೆಳೆದಿದೆ. ಇನ್ನೊಮ್ಮೆ ಮಾಡಬೇಕು, ಇಂದಿನಿಂದ ಒಂಬತ್ತು ವಾರಕ್ಕೆ ದಿನ ಗೊತ್ತು ಮಾಡಿದ್ದಾರೆ. "ಆಮ್ಯಾಲ ದನಿ ಉಳಿತೈತೋ ಇಲ್ಲೋ, ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಮ್ಮ ಆಯಿ ಹಾಡ್ತಿದ್ದ ಆರು ಪದ ಅದಾವ. ಎಲ್ಲೂ ಬರದಿಟ್ಟಿಲ್ಲ, ಬ್ಯಾರೆ ಯಾರೂ ಹಾಡಿದ್ದು ನಾ ಕೇಳಿಲ್ಲ. ಅಷ್ಟು ರೆಕಾರ್ಡ್ ಮಾಡಿ ಹೋಗಬೇಕು ನಾ. ತಂಬೂರಿ, ತಬಲಾ, ನೀನು. ಇಷ್ಟ ಸಾಕು."

ಮೆಟ್ಟಿಲ್ಲದ ಬೇಸ್ ಕಲಿಯುವುದು ಒಂಬತ್ತು ವಾರದಲ್ಲಿ ಆಗುವ ಮಾತಲ್ಲ. ಅದು ಗೊತ್ತಿದ್ದೂ ನನ್ನ ಬಾಯಿಂದ "ಆತ್ರಿ" ಎಂದು ಬಂದುಬಿಟ್ಟಿತು. ನಾನು ನುಡಿಸಿದ ಹನ್ನೆರಡು ವರ್ಷದಲ್ಲಿ ಬೇಸ್ ಕೇಳಿಸಿತು ಎಂದು ಹುಡುಕಿಕೊಂಡು ಬಂದು ಹೇಳಿದವರು ಅವರೊಬ್ಬರೇ.

ಮರುವಾರ ನನ್ನ ಬೇಸನ್ನು ಹೆಗಲಿಗೆ ಹಾಕಿಕೊಂಡು ಅಬಿಡ್ಸ್‌ಗೆ ಹೋದೆ. ಅಲ್ಲಿ ಒಂದು ಓಣಿಯಲ್ಲಿ ವಾದ್ಯ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಸಿತಾರು, ಹಾರ್ಮೋನಿಯಂ, ಗಿಟಾರು, ಎಲ್ಲ ಅವರ ಕೈಯಲ್ಲೇ ಮತ್ತೆ ಉಸಿರು ಪಡೆಯುವುದು. ಹೊಸದು ತರುವ ಯೋಚನೆ ನಾನು ಮಾಡಲಿಲ್ಲ. ಇದ್ದದ್ದರ ಮೆಟ್ಟು ಕೀಳಿಸುವುದೇ ದಾರಿ ಎಂದುಕೊಂಡೆ. ಚಾಚಾ ಬೇಸಿನ ಕತ್ತನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ಸೋಚ್ ಲೇವ್ ಬೇಟಾ. ಏಕ್ ಬಾರ್ ನಿಕಾಲೇ ತೋ ನಿಕಾಲೇ." ಒಮ್ಮೆ ಕಿತ್ತರೆ ಕಿತ್ತ ಹಾಗೆಯೇ, ಯೋಚಿಸು ಎಂದರು. ಯೋಚಿಸಿದರೆ ಎದ್ದು ಮನೆಗೆ ಹೋಗಿಬಿಡುತ್ತೇನೆ ಎಂದು ಹೆದರಿ, ಈಗಲೇ ಶುರು ಮಾಡಿ ಎಂದೆ.

ಅವರು ಮೊದಲು ಬೆಸುಗೆಯ ಕಡ್ಡಿಯನ್ನು ಮೆಟ್ಟಿನ ಮೇಲೆ ಇಟ್ಟು ಬಿಸಿ ಮಾಡಿದರು. ಒಳಗಿನ ಅಂಟು ಸಡಿಲಾದ ಮೇಲೆ ಇಕ್ಕಳದ ತುದಿಯನ್ನು ಅದರ ಅಡಿಗೆ ತೂರಿಸಿ ಎಳೆಯದೆ ಒತ್ತುತ್ತ ಒತ್ತುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು. ಅವಸರ ಮಾಡಿದರೆ ಮರದ ಚಕ್ಕೆ ಏಳುತ್ತದೆ. ಅಷ್ಟು ಜೋಪಾನ ಮಾಡಿದರೂ ಐದನೆಯ ಮೆಟ್ಟಿನ ಹತ್ತಿರ ಒಂದು ಚಕ್ಕೆ ಎದ್ದೇ ಎದ್ದಿತು. ಅವರು ಬೈದುಕೊಳ್ಳುತ್ತ ಅದನ್ನು ಹುಡುಕಿ ತೆಗೆದು ಅಂಟು ಹಾಕಿ ಅದೇ ಜಾಗದಲ್ಲಿ ಕೂರಿಸಿದರು. ಇಪ್ಪತ್ತು ಮೆಟ್ಟು ಕಿತ್ತ ಮೇಲೆ ಉಳಿದ ಸೀಳುಗಳಿಗೆ ಬಿಳಿ ಮರದ ತೆಳುಪಟ್ಟಿ ತುಂಬಿದರು, ಉಪ್ಪುಕಾಗದದಿಂದ ನುಣ್ಣಗೆ ಉಜ್ಜಿ ಎಣ್ಣೆ ಸವರಿದರು. ಒರಟು ತಂತಿ ಹಾಕಿದರೆ ಮರವನ್ನೇ ತಿನ್ನುತ್ತದೆ ಎಂದು ನಯವಾದ ತಂತಿ ಹಾಕಿದರು. ನಾಲ್ಕನೆಯ ದಿನ ಕೈಗೆ ಕೊಟ್ಟಾಗ ಕರಿಯ ಮರದ ಮೇಲೆ ಬಿಳಿ ಗೆರೆಗಳು ಎದ್ದು ಕಾಣುತ್ತಿದ್ದವು. ಗೆರೆ ಇದೆಯಲ್ಲ, ನೋಡಿಕೊಂಡು ನುಡಿಸಿದರಾಯಿತು ಎಂದು ನನಗೆ ಧೈರ್ಯ ಬಂತು.

ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದ ನನ್ನ ಗಂಡ ಅದನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತರು. "ಇದ್ದದ್ದೊಂದು ಗಿಟಾರು, ಅದರ ಹಲ್ಲು ಕೀಳಿಸಿಕೊಂಡು ಬಂದೀಯಲ್ಲ! ಇನ್ನ ಮದುವಿ ಮನ್ಯಾಗ ಏನ್ ಹಿಡಕೊಂಡು ನಿಂದರ್ತಿ?"

"ಇದನ್ನ ಹಿಡಕೊಂಡು ನಿಂದರ್ತೀನಿ. ಗೆರಿ ಅದಾವಲ್ರಿ, ಕಾಣಸಂಗಿಲ್ಲೇನು?"

ಆ ಜಂಬ ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ನುಡಿಸಲು ಕೂತರೆ ಪ್ರತಿಯೊಂದು ಸ್ವರವೂ ಹುಳಿ ಹಿಂಡಿದ ಹಾಗೆ. ಒಂದು ವಾರ ತಂತಿಯ ಮೇಲೆ ತಪ್ಪು ಹೊರಿಸಿದೆ, ಆಮೇಲೆ ಚಾಚಾನ ಮೇಲೆ. ಕೊನೆಗೆ ಗೊತ್ತಾಯಿತು, ತಪ್ಪು ನನ್ನ ಅಭ್ಯಾಸದ್ದು. ಮೆಟ್ಟು ಇದ್ದಾಗ ಬೆರಳನ್ನು ಮೆಟ್ಟಿನ ಹಿಂದೆ ಒತ್ತಬೇಕು, ಸ್ವರ ಹುಟ್ಟುವುದು ಮೆಟ್ಟಿನ ಮೇಲೆ. ಈಗ ಮೆಟ್ಟು ಇಲ್ಲ, ಆದರೂ ನನ್ನ ಬೆರಳು ಹಳೆಯ ಜಾಗದಲ್ಲೇ ಗೆರೆಯ ಹಿಂದೆ ಬೀಳುತ್ತಿತ್ತು. ತಂತಿಯ ನಟ್ಟನಡುವೆ ಬೆರಳನ್ನು ಒತ್ತದೆ ಸುಮ್ಮನೆ ಮುಟ್ಟಿ ಮೀಟಿದರೆ ಗಂಟೆಯಂಥ ಒಂದು ದನಿ ಬರುತ್ತದೆ, ಅದು ಸುಳ್ಳು ಹೇಳುವುದಿಲ್ಲ. ಅದನ್ನು ಕೇಳಿ, ಆಮೇಲೆ ಅಲ್ಲಿರುವ ಗೆರೆಯ ನೆತ್ತಿಯ ಮೇಲೆ ಬೆರಳು ಒತ್ತಿ ಹೋಲಿಸಿದಾಗ ನನ್ನ ಪೆದ್ದತನ ಬಯಲಾಯಿತು. ಹನ್ನೆರಡು ವರ್ಷದ ಬೆರಳನ್ನು ಒಂದು ಬೆರಳಗಲ ಮುಂದೆ ಸರಿಸಲು ನನಗೆ ಎರಡು ವಾರ ಹಿಡಿಯಿತು.

ಅಷ್ಟರಲ್ಲಿ ಒಂದು ರಿಸೆಪ್ಷನ್ ಬಂತು. ಬೇರೆ ಬೇಸ್ ಇಲ್ಲವಲ್ಲ, ಇದನ್ನೇ ಒಯ್ದೆ. ಸಂಜೆ ವೇದಿಕೆಯ ಮೇಲೆ ಕೆಂಪು, ನೀಲಿ ದೀಪ ಹತ್ತಿಸಿದರು ನೋಡಿ, ನನ್ನ ಬಿಳಿ ಗೆರೆಗಳೆಲ್ಲ ಮಾಯ! ಬೆರಳು ಅಂದಾಜಿನ ಮೇಲೆ ಓಡಾಡಿತು. ಕೀಬೋರ್ಡಿನವನು ಕತ್ತು ತಿರುಗಿಸಿ ನನ್ನನ್ನು ನೋಡಿದ, ಡ್ರಮ್ಮಿನವನು ನಗು ತಡೆಯಲು ತಲೆ ತಗ್ಗಿಸಿದ. ಎರಡನೆಯ ಹಾಡಿನ ನಡುವೆ ತಂಡದ ಯಜಮಾನರು ಹತ್ತಿರ ಬಂದು, "ತಬಿಯತ್ ಠೀಕ್ ನೈ ಕ್ಯಾ ಮೇಡಂ?" ಎಂದು ಕೇಳಿದರು. ಆರೋಗ್ಯ ಚೆನ್ನಾಗಿಯೇ ಇತ್ತು. ಕಲಿತು ಮುಗಿಯುವವರೆಗೂ ಮನೆಯಲ್ಲಿರಿ, ಬೇಸನ್ನು ಕೀಬೋರ್ಡಿನವನು ಎಡಗೈಯಲ್ಲಿ ನೋಡಿಕೊಳ್ಳುತ್ತಾನೆ ಎಂದರು. ಎಡಗೈಯಲ್ಲಿ! ನಾನು ಎರಡು ಕೈ, ಒಂದು ಆಯುಷ್ಯ ಹಾಕಿದ ಕೆಲಸ ಅದು. ಆಟೋದಲ್ಲಿ ಕೂತು ಮನೆ ಬರುವವರೆಗೂ ಅತ್ತೆ. ಗಾಯಕಿಗೆ ಫೋನು ಮಾಡಿ ಆಗುವುದಿಲ್ಲ ಎಂದು ಹೇಳಿಬಿಡಬೇಕು ಎಂದುಕೊಂಡೆ. ಆದರೆ ಹೇಳಿದರೆ ಆ ಆರು ಪದಗಳ ಕೆಳಗೆ ಏನು ಹಾಸುವುದು? ಫೋನು ಚೀಲದಲ್ಲೇ ಉಳಿಯಿತು.

ಐದನೆಯ ವಾರ ಮೊದಲ ಸಲ ಅವರ ಜೊತೆ ಕೂತು ನುಡಿಸಲು ಕೂಕಟ್‌ಪಲ್ಲಿಗೆ ಹೋದೆ. ಬಸ್ಸು ಹಿಡಿದು, ಅಮೀರ್‌ಪೇಟೆಯಲ್ಲಿ ಮೆಟ್ರೋ ಬದಲಿಸಿ, ದಾರಿಯುದ್ದಕ್ಕೂ ಜನರ ಮೊಣಕಾಲಿಗೆ ಬೇಸಿನ ಚೀಲ ತಾಗಿಸಿ ಸಾರಿ ಹೇಳುತ್ತ. ಈ ಸಲ ಪೂರ್ತಿ ತಯಾರಾಗಿದ್ದೆ. ಶ್ರುತಿ ತೋರಿಸುವ ಪುಟ್ಟ ಯಂತ್ರವೊಂದನ್ನು ಬೇಸಿನ ತಲೆಗೆ ಕಚ್ಚಿಸಿದ್ದೆ. ಸ್ವರ ಸರಿಯಿದ್ದರೆ ಅದರಲ್ಲಿ ಹಸಿರು ದೀಪ ಹತ್ತುತ್ತದೆ. ರಿಸೆಪ್ಷನ್ ಆದಾಗಿನಿಂದ ಆ ಹಸಿರನ್ನೇ ನೋಡಿ ಸಾಧನೆ ಮಾಡಿದ್ದೆ.

ತಂಬೂರಿ ಶುರುವಾಯಿತು. ಅವರು ಹಾಡಿದರು, ನಾನು ಜೊತೆಗೆ ಹೋದೆ. ಷಡ್ಜ ಸರಿ, ಪಂಚಮ ಸರಿ. ಗಾಂಧಾರ ಬಂದ ಕೂಡಲೆ ಅವರು ಹಾಡು ನಿಲ್ಲಿಸಿದರು.

"ಗಾಂಧಾರ ಏರೈತಿ."

"ಇಲ್ರಿ ಅಕ್ಕಾರ, ಹಸರ ದೀಪ ಹತ್ತೈತಿ ನೋಡ್ರಿ."

"ಹಸರ ದೀಪ ನೋಡಿ ರಸ್ತಾ ದಾಟೋದು ಯವ್ವಾ, ಹಾಡೋದಲ್ಲ. ಕಿವಿ ಮುಚ್ಚಿಕೊಂಡು ಬಂದೀಯೇನು?"

ನನಗೆ ಕೋಪ ಬಂತು. ಯಂತ್ರ ತಪ್ಪು, ಇವರು ಸರಿಯೇ? ಆ ಯಂತ್ರವನ್ನು ಕಿತ್ತು ಚೀಲಕ್ಕೆ ಹಾಕಿದೆ. ಅವರು ತಂಬೂರಿಯನ್ನು ನನ್ನ ಕಿವಿಗೆ ಹತ್ತಿರ ಇಟ್ಟು, ಷಡ್ಜದ ತಂತಿಯೊಳಗೆ ಇನ್ನೊಂದು ಸ್ವರ ತಾನಾಗಿ ಕೇಳುತ್ತದೆ, ಅದನ್ನು ಹುಡುಕು ಎಂದರು. ಬಹಳ ಹೊತ್ತಿನ ಮೇಲೆ ಕೇಳಿಸಿತು. ಗಾಂಧಾರ! ಯಾರೂ ಮೀಟದೆ ತಂತಿಯೇ ಹಾಡುತ್ತಿದ್ದ ಗಾಂಧಾರ. ನನ್ನ ಬೆರಳನ್ನು ಗೆರೆಯಿಂದ ಕೂದಲೆಳೆಯಷ್ಟು ಹಿಂದೆ ಜಾರಿಸಿದೆ. ಎರಡು ದನಿಗಳ ನಡುವೆ ನಡುಗುತ್ತಿದ್ದ ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಆ ಯಂತ್ರದೊಳಗಿನದು ಕೀಬೋರ್ಡಿನ ಲೆಕ್ಕ. ಎಲ್ಲ ಮನೆಗಳನ್ನೂ ಸಮಸಮ ಹಂಚಿದ ಲೆಕ್ಕ ಅದು, ನನ್ನ ಬೇಸಿನ ಗೆರೆಗಳದ್ದೂ ಅದೇ. ತಂಬೂರಿಯ ಗಾಂಧಾರ ಅದಕ್ಕಿಂತ ತುಸು ಕೆಳಗೆ ಕೂತಿರುತ್ತದೆ. ಇಷ್ಟು ವರ್ಷ ನುಡಿಸಿಯೂ ಇದು ನನಗೆ ಗೊತ್ತಿರಲಿಲ್ಲ ಎನ್ನಲು ನನಗೆ ನಾಚಿಕೆಯಿಲ್ಲ. ಮೆಟ್ಟು ಇದ್ದವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಮನೆಗೆ ಬಂದು ಗೆರೆಗಳನ್ನು ನೋಡುತ್ತ ಕೂತೆ. ಅವು ಇರುವವರೆಗೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ, ಕಣ್ಣು ಹೋದಲ್ಲಿಗೆ ಬೆರಳು ಹೋಗುತ್ತದೆ. ಎದ್ದು ಬಚ್ಚಲುಮನೆಯ ಗೂಡಿನಿಂದ ಗಂಡನ ತಲೆಗೂದಲಿನ ಬಣ್ಣದ ಪೊಟ್ಟಣ ತಂದೆ. ಬಟ್ಟಲಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಇಪ್ಪತ್ತೂ ಬಿಳಿ ಪಟ್ಟಿಗಳಿಗೆ ಬಳಿದೆ. ಒಣಗಿದ ಮೇಲೆ ಇನ್ನೊಂದು ಸಲ ಬಳಿದೆ. ಬೇಸಿನ ಕತ್ತು ಈ ತುದಿಯಿಂದ ಆ ತುದಿವರೆಗೆ ಕಪ್ಪಗಾಯಿತು, ಜೊತೆಗೆ ನನ್ನ ಬೆರಳುಗಳೂ.

"ನನ್ನ ಡೈ ಎಲ್ಲಿ ಹೋತು?" ಎಂದು ಗಂಡ ಒಳಗಿನಿಂದ ಕೂಗಿದರು. ಹೊರಗೆ ಬಂದು ಬೇಸನ್ನೂ ನನ್ನ ಬೆರಳುಗಳನ್ನೂ ನೋಡಿದರು. "ಗಿಟಾರಿಗೆ ವಯಸ್ಸು ಕಮ್ಮಿ ಆತು, ನನಗ ಜಾಸ್ತಿ ಆತು," ಎಂದರು. ಮುಂದಿನ ವಾರವಿಡೀ ಬಿಳಿಗೂದಲಿನಲ್ಲೇ ಡ್ಯೂಟಿಗೆ ಹೋಗಿಬಂದರು. ಆ ವಾರದ ಅಡಿಗೆಯನ್ನೂ ಹೆಚ್ಚುಕಡಿಮೆ ಅವರೇ ಮಾಡಿದ್ದು.

ಅಲ್ಲಿಂದ ನಿಜವಾದ ಕಲಿಕೆ. ವಾರಕ್ಕೆ ಮೂರು ದಿನ ಕೂಕಟ್‌ಪಲ್ಲಿ. ಗಾಯಕಿಯ ಪದ್ಧತಿ ಒಂದೇ: ಮೊದಲು ಬಾಯಿಂದ ಸ್ವರ ಹಿಡಿ, ಆಮೇಲೆ ಬೆರಳಿಡು. ನನ್ನ ದನಿ ಕತ್ತೆಯದು ಎಂದೆ. ಗುನುಗು ಸಾಕು ಎಂದರು. ಬೆರಳನ್ನು ಅಲ್ಲಾಡಿಸಿ ಕಂಪನ ಹುಟ್ಟಿಸಲು ಹೋದರೆ ಕೈ ಮೇಲೆ ಹೊಡೆಯುವುದೊಂದು ಬಾಕಿ. "ಅಲ್ಲಾಡಿಸಿ ತಪ್ಪು ಮುಚ್ಚಬ್ಯಾಡ. ತಪ್ಪಿದ್ರ ತಪ್ಪ ಕೇಳಸ್ಲಿ, ಆವಾಗ ತಿದ್ದಾಕ ಬರತೈತಿ." ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಕ್ಕೆ ಒಂದು ವಾರ, ಜಾರಿ ಸರಿಯಾದ ಜಾಗದಲ್ಲಿ ನಿಲ್ಲುವುದಕ್ಕೆ ಎರಡು ವಾರ. ಅವರ ದನಿ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ನಡುನಡುವೆ ಬಿಸಿನೀರು ಕುಡಿದು ಕಣ್ಣು ಮುಚ್ಚಿ ಕೂರುತ್ತಿದ್ದರು. ನಾನು ಹೊರಡುತ್ತೇನೆ ಎಂದರೆ ಕೇಳುತ್ತಿರಲಿಲ್ಲ. ಇರುವಷ್ಟು ದನಿಯನ್ನು ನನಗೆ ಕಲಿಸುವುದಕ್ಕೆ ಖರ್ಚು ಮಾಡುತ್ತಿದ್ದಾರಲ್ಲ ಎಂದು, ಹೋಗುವಾಗ ಬರುವಾಗ ಮೆಟ್ರೋದಲ್ಲೂ ಪಾಠ ಗುನುಗಿಕೊಳ್ಳುತ್ತಿದ್ದೆ.

ಆಪರೇಷನ್ನಿಗೆ ಐದು ದಿನ ಇರುವಾಗ ರೆಕಾರ್ಡಿಂಗ್. ಒಂದು ಅಪಾರ್ಟ್‌ಮೆಂಟಿನ ಮೂರು ಕೋಣೆಗಳ ಸ್ಟುಡಿಯೋ. ಬೆಳಿಗ್ಗೆಯಿಂದ ಸಂಜೆಯೊಳಗೆ ಐದು ಪದ ಮುಗಿದವು. ನನ್ನಿಂದ ಎರಡು ಸಲ ತಪ್ಪಾಯಿತು, ಎರಡೂ ಸಲ ಅವರು ಬೇಸರಿಸದೆ ಮೊದಲಿನಿಂದ ಹಾಡಿದರು. ಆರನೆಯ ಪದದ ಹೊತ್ತಿಗೆ ಅವರ ದನಿ ಸೋತಿತ್ತು. ಎರಡನೆಯ ಚರಣದಲ್ಲಿ ಶ್ರುತಿಯಿಂದ ಕೆಳಗೆ ಜಾರತೊಡಗಿದರು. ನಾನು ಕಣ್ಣೆತ್ತಿ ನೋಡಿದೆ, ಅವರಿಗೆ ಗೊತ್ತಾದಂತಿರಲಿಲ್ಲ. ಯೋಚನೆಯೇ ಮಾಡದೆ ನನ್ನ ಬೆರಳು ಅವರ ಜೊತೆ ಕೆಳಗೆ ಜಾರಿತು. ಆರ್ಕೆಸ್ಟ್ರಾದಲ್ಲಿ ನಮಗೆ ಹತ್ತಿದ ಚಟ ಅದು: ಹಾಡುವವರು ತಾಳ ಬಿಟ್ಟರೆ ನಾವೂ ಬಿಡುತ್ತೇವೆ, ಸಾಲು ಮರೆತರೆ ನಾವೂ ಹಾರಿಸುತ್ತೇವೆ, ಜನಕ್ಕೆ ಗೊತ್ತಾಗಬಾರದು ಅಷ್ಟೇ. ಈಗ ಮೆಟ್ಟೂ ಇರಲಿಲ್ಲವಲ್ಲ, ಇನ್ನೂ ಸಲೀಸು. ಹಾಡು ಮುಗಿದಾಗ, ಅವರ ಮರ್ಯಾದೆ ಉಳಿಸಿದೆ ಎಂದು ಒಳಗೊಳಗೇ ಹಿಗ್ಗಿದೆ.

ರೆಕಾರ್ಡ್ ಮಾಡುವವರು ಅದನ್ನು ಕೇಳಿಸಿದರು. ಗಾಯಕಿ ತಲೆ ತಗ್ಗಿಸಿ ಪೂರ್ತಿ ಕೇಳಿದರು. "ಪರವಾಗಿಲ್ಲ ಮೇಡಂ, ಕಂಪ್ಯೂಟರಿನಲ್ಲಿ ಎತ್ತಿ ಕೂರಿಸುತ್ತೇನೆ," ಎಂದರು ರೆಕಾರ್ಡ್ ಮಾಡುವವರು. ಗಾಯಕಿ ಅವರ ಕಡೆ ತಿರುಗಲೇ ಇಲ್ಲ.

"ನಾ ಇಳದೀನಿ."

"ಹೌದ್ರಿ ಅಕ್ಕಾರ."

"ನೀನೂ ಇಳದಿ. ಯಾಕ?"

"ನಿಮ್ಮನ್ನ ಒಬ್ಬರನ್ನ ಬಿಡಬಾರದಂತ..."

"ಹುಚ್ಚಿ!" ಎಂದರು. ಆ ಸೋತ ದನಿಯಲ್ಲೂ ಅದು ಕೋಣೆಗೆಲ್ಲ ಕೇಳಿಸಿತು. "ಈ ಹೆಡ್‌ಫೋನಿನ್ಯಾಗ ನನಗ ನೀನ ಕೇಳಸ್ತಿ, ತಂಬೂರಿ ಅಲ್ಲ. ನೀ ಇದ್ದಲ್ಲೆ ಮನಿ ಅಂತ ನಂಬಿ ಹಾಡ್ತೀನಿ. ನಾ ದಾರಿ ತಪ್ಪೀನಿ ಅಂತ ಮನಿನೂ ಎದ್ದು ನನ್ನ ಹಿಂದ ಬಂದ್ರ, ನಾ ಎಲ್ಲಿಗಿ ತಿರುಗಿ ಹೋಗ್ಲಿ?"

ಅವರು ಬಿಸಿನೀರು ಕುಡಿದರು. ಇನ್ನೊಂದೇ ಸಲ ಹಾಡುತ್ತೇನೆ, ಅದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದರು. ತಬಲಾದವರು ಎತ್ತಿಕೊಂಡರು.

ಎರಡನೆಯ ಚರಣ ಬಂತು. ಅದೇ ಜಾಗ. ಅವರ ದನಿ ಮತ್ತೆ ಇಳಿಯಿತು. ನನ್ನ ಬೆರಳು ಷಡ್ಜದ ಮೇಲಿತ್ತು. ಎರಡು ದನಿಗಳ ನಡುವೆ ಆ ನಡುಗುವ ಅಲೆ ಎದ್ದಿತು. ಎಷ್ಟು ಅಸಹ್ಯವಾಗಿ ಕೇಳುತ್ತಿತ್ತು ಎಂದರೆ, ಕೈ ತಾನಾಗಿ ಹಿಂದೆ ಹೋಗಲು ಎಳೆಯುತ್ತಿತ್ತು. ಒಂದು ಸಾಸಿವೆಯಷ್ಟು ಸರಿಸಿದರೆ ಸಾಕಿತ್ತು, ಎಲ್ಲ ಮುಚ್ಚಿಹೋಗುತ್ತಿತ್ತು. ನಾನು ಸರಿಸಲಿಲ್ಲ. ಹಲ್ಲು ಕಚ್ಚಿ ಅದೇ ಷಡ್ಜವನ್ನು ಮತ್ತೆ ಮೀಟಿದೆ, ಇನ್ನೊಮ್ಮೆ ಮೀಟಿದೆ. ಅವರ ಹುಬ್ಬು ಗಂಟಿಕ್ಕಿತು. ಆಮೇಲೆ ಆ ದನಿ ಒಂದೊಂದೇ ಎಳೆ ಮೇಲೆ ಹತ್ತಿ ಬಂತು, ಅಲೆ ನಿಧಾನವಾಯಿತು, ನಿಂತಿತು. ಸಾಲು ಮುಗಿಯುವ ಹೊತ್ತಿಗೆ ಅವರು ನನ್ನ ಸ್ವರದ ಮೇಲೆ ಬಂದು ಕೂತಿದ್ದರು. ಕಣ್ಣಲ್ಲಿ ನೀರು ತುಂಬಿ ನನಗೆ ಬೇಸೇ ಕಾಣುತ್ತಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ.

"ಆ ಒಂದು ಜಾಗ ಮಾತ್ರ ಕಂಪ್ಯೂಟರಿನಲ್ಲಿ..." ಎಂದು ರೆಕಾರ್ಡ್ ಮಾಡುವವರು ರಾಗ ಎಳೆದರು.

"ಮುಟ್ಟಬ್ಯಾಡ್ರಿ. ಬಿದ್ದಿದ್ದೂ ನಾನ, ಎದ್ದಿದ್ದೂ ನಾನ. ಹಂಗ ಇರಲಿ," ಎಂದರು ಗಾಯಕಿ.

ಆಪರೇಷನ್ ಆಯಿತು. ಜೀವಕ್ಕೆ ಅಪಾಯವಿಲ್ಲ, ಆದರೆ ತಿಂಗಳೊಪ್ಪತ್ತು ಒಂದು ಮಾತೂ ಆಡುವಂತಿಲ್ಲ, ಹಾಡಿನ ಮಾತು ಮರೆತುಬಿಡಿ ಎಂದರಂತೆ ಡಾಕ್ಟರು. ಮೂರು ವಾರದ ಮೇಲೆ ನೋಡಲು ಹೋದೆ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ದಿಂಬಿಗೆ ಒರಗಿ ಕೂತಿದ್ದರು. ನೀವು ಕೊಟ್ಟ ಕಿವಿಯಿಂದಲೇ ನಾನು ಈಗ ಅನ್ನ ತಿನ್ನುತ್ತಿದ್ದೇನೆ, ತಂಡದ ಯಜಮಾನರು ಈ ಬೇಸನ್ನೇ ತರಲು ಹೇಳಿ ವಾಪಸು ಕರೆದಿದ್ದಾರೆ ಎಂದು ಹೇಳುತ್ತ ಅವರ ಕಾಲು ಮುಟ್ಟಿದೆ. ಅವರು ನನ್ನ ತಲೆ ಸವರಿ ಬೇಸಿನ ಚೀಲದ ಕಡೆ ಕೈ ತೋರಿಸಿದರು.

ಆರನೆಯ ಪದದ ಷಡ್ಜ ಹಿಡಿದೆ. ಅವರು ಕೇಳುತ್ತ ಕೇಳುತ್ತ ಮಗಳಿಂದ ಹಾಳೆ, ಪೆನ್ನು ತರಿಸಿಕೊಂಡು ಬರೆದು ನನ್ನ ಮುಂದೆ ಇಟ್ಟರು: "ಈಗ ನೀ ಹಾಡು."

"ನನಗ ಹಾಡಾಕ ಬರಂಗಿಲ್ರಿ ಅಕ್ಕಾರ. ಸಾಲೂ ಪೂರಾ ನೆನಪಿಲ್ರಿ."

ಅವರು ಹಾಳೆಯನ್ನು ತಿರುಗಿ ಎಳೆದುಕೊಂಡರು. ಎಲ್ಲೂ ಬರೆದಿಡದ ಆ ಪದದ ಮೊದಲ ಸಾಲನ್ನು ಮಕ್ಕಳ ಕಾಪಿಯಲ್ಲಿ ಬರೆಯುವ ಹಾಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. ನಾನು ಷಡ್ಜ ಮೀಟಿ ಅದನ್ನು ಹಾಡಿದೆ. ನಾನು ಮುಗಿಸುವಷ್ಟರಲ್ಲಿ ಅವರು ಎರಡನೆಯ ಸಾಲನ್ನು ಬರೆಯುತ್ತಿದ್ದರು.